ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ ಚೆನ್ನಾಗುತ್ತದೆಯೇ? ಹಳೆಯ ವಿಜಿಎ ಕೇಬಲ್ ಎಸೆಯಬೇಕೇ?

“ಮನೆಯಲ್ಲಿ ಹಳೆಯ ವಿಜಿಎ ಕೇಬಲ್ ಅಥವಾ ಮೂರು ಬಣ್ಣದ ವೈರ್ ಇದ್ದರೆ ಇಂದೇ ಎಸೆಯಿರಿ. ಚಿನ್ನದ ಲೇಪನದ 8ಕೆ ಎಚ್‌ಡಿಎಂಐ ಕೇಬಲ್ ಹಾಕಿದರೆ ಸಾಮಾನ್ಯ ಟಿವಿಯೂ 4ಕೆ ಆಗುತ್ತದೆ. ಫೋನಿನ ಚಾರ್ಜಿಂಗ್ ಪಿನ್‌ಗೆ ಒಂದು ಕೇಬಲ್ ಸಿಕ್ಕಿಸಿದರೆ ಯಾವ ಫೋನ್ ಬೇಕಾದರೂ ಟಿವಿಯಲ್ಲಿ ಬರುತ್ತದೆ. ಎಲ್ಲರಿಗೂ ಶೇರ್ ಮಾಡಿ.”

ಈ ಧಾಟಿಯ ಸಂದೇಶಗಳು ನಿಮ್ಮ ಗುಂಪಿಗೂ ಬಂದಿರಬಹುದು. ಓದಿದವರಲ್ಲಿ ಕೆಲವರು ಶೇರ್ ಮಾಡಿ ಸುಮ್ಮನಾಗುತ್ತಾರೆ. ಇನ್ನು ಕೆಲವರು ಕೊಳ್ಳೇಗಾಲದ ಅಂಗಡಿಗೆ ಹೋಗಿ ಅಥವಾ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಸಾವಿರಾರು ರೂಪಾಯಿಯ ಕೇಬಲ್ ತರುತ್ತಾರೆ. ಮನೆಗೆ ತಂದು ಹಾಕಿದಾಗ ಟಿವಿ ಮೊದಲಿನಂತೆಯೇ ಕಾಣುತ್ತದೆ, ಫೋನ್ ಟಿವಿಗೆ ಬರುವುದೇ ಇಲ್ಲ. ಹನೂರಿನ ಆಚೆಯ ಹಳ್ಳಿಯಿಂದ ಅದೊಂದನ್ನು ವಾಪಸ್ ಕೊಡಲು ಕೊಳ್ಳೇಗಾಲಕ್ಕೆ ಮತ್ತೆ ಬಸ್ ಹತ್ತಬೇಕೆಂದರೆ ಒಂದು ದಿನದ ಕೂಲಿ ಹೋದಂತೆ.

ಈ ಸಂದೇಶದಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಕೇಬಲ್ ಚಿತ್ರವನ್ನು ಸೃಷ್ಟಿಸುವುದಿಲ್ಲ, ಸಾಗಿಸುತ್ತದೆ ಅಷ್ಟೇ. ಕಳಿಸುವ ಪೆಟ್ಟಿಗೆಯಲ್ಲಿ ಇಲ್ಲದ ಸ್ಪಷ್ಟತೆಯನ್ನು ಯಾವ ಕೇಬಲ್ಲೂ ತುಂಬಲಾರದು. ತೋರಿಸುವ ಪರದೆಗೆ ಇಲ್ಲದ ಸಾಮರ್ಥ್ಯವನ್ನೂ ಕೊಡಲಾರದು.

ಆದರೆ “ಒಳ್ಳೆಯ ಕೇಬಲ್ ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದೆ” ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೆಯ ಕೇಬಲ್‌ಗಳ ಕಾಲದಲ್ಲಿ ಅದು ನಿಜವಾಗಿತ್ತು. ಹೊಸ ಕೇಬಲ್ ಕೆಲಸ ಮಾಡುವ ರೀತಿಯೇ ಬೇರೆ. ಆ ವ್ಯತ್ಯಾಸ ಗೊತ್ತಾದರೆ ಮುಂದೆ ಇಂಥ ಸಂದೇಶ ಬಂದಾಗ ನೀವೇ ತೀರ್ಮಾನಿಸಬಹುದು.

ಹಳೆಯ ಕೇಬಲ್ ಹೇಗೆ ಕೆಲಸ ಮಾಡುತ್ತಿತ್ತು?

ಸೆಟ್ ಟಾಪ್ ಬಾಕ್ಸ್ ಜೊತೆ ಬರುವ ಹಳದಿ, ಕೆಂಪು, ಬಿಳಿ ವೈರ್ ಎಲ್ಲರಿಗೂ ಗೊತ್ತು. ಇದರಲ್ಲಿ ಕೆಂಪು, ಬಿಳಿ ಎರಡೂ ಧ್ವನಿಗೆ. ಇಡೀ ಚಿತ್ರ, ಅಂದರೆ ಬೆಳಕು ಮತ್ತು ಬಣ್ಣ ಎರಡೂ, ಹಳದಿ ವೈರ್ ಒಂದರಲ್ಲೇ ಬೆರೆತು ಹೋಗಬೇಕು. ಟಿವಿ ಅವನ್ನು ಮತ್ತೆ ಬೇರ್ಪಡಿಸುತ್ತದೆ. ಬೇರ್ಪಡಿಸುವಾಗ ಒಂದಿಷ್ಟು ಕಲಬೆರಕೆ ಉಳಿದೇ ಉಳಿಯುತ್ತದೆ. ಅಕ್ಷರಗಳ ಅಂಚಿನಲ್ಲಿ ಬಣ್ಣ ಹರಿದಂತೆ ಕಾಣುವುದು ಇದರಿಂದಲೇ.

ಕಂಪ್ಯೂಟರ್‌ಗೆ ಬಂದ ವಿಜಿಎ ಇದಕ್ಕಿಂತ ಅಚ್ಚುಕಟ್ಟು. ಐಬಿಎಂ ಕಂಪನಿ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರ್‌ಗಳ ಜೊತೆ ಇದನ್ನು ತಂದಿತು. ಸಾಮಾನ್ಯವಾಗಿ ನೀಲಿ ಬಣ್ಣದ ತುದಿ, ಮೂರು ಸಾಲಿನಲ್ಲಿ 15 ಪಿನ್, ಎರಡು ಬದಿಯಲ್ಲಿ ತಿರುಗಿಸುವ ಸ್ಕ್ರೂ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಪ್ರತ್ಯೇಕ ತಂತಿ ಇರುತ್ತದೆ. ಪರದೆಯ ಒಂದು ಚುಕ್ಕೆಯಲ್ಲಿ ಕೆಂಪು ಎಷ್ಟು ಬೇಕು ಎಂಬುದನ್ನು ವಿದ್ಯುತ್ತಿನ ಏರಿಳಿತವೇ ಹೇಳುತ್ತದೆ. ಸೊನ್ನೆ ವೋಲ್ಟ್ ಎಂದರೆ ಕೆಂಪು ಇಲ್ಲ, 0.7 ವೋಲ್ಟ್ ಎಂದರೆ ಪೂರ್ತಿ ಕೆಂಪು, ನಡುವೆ ಇದ್ದರೆ ನಡುವಿನ ಕೆಂಪು. ಈ ಬಗೆಯನ್ನು ಅನಲಾಗ್ ಎನ್ನುತ್ತಾರೆ. ಇದರಲ್ಲಿ ಧ್ವನಿ ಹೋಗುವುದಿಲ್ಲ, ಅದಕ್ಕೆ ಬೇರೆ ವೈರ್ ಬೇಕು.

2000ದ ದಶಕದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯಡಿ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಹಲವರಿಗೆ ನೆನಪಿರಬಹುದು. ಆ ಕಾಲದ ದಪ್ಪ ಮಾನಿಟರ್‌ಗಳ ಹಿಂದೆ ಇರುತ್ತಿದ್ದದ್ದು ಇದೇ ನೀಲಿ ತುದಿ. ಆಮೇಲೆ ಬಂದ ಎಷ್ಟೋ ಪ್ರೊಜೆಕ್ಟರ್‌ಗಳಲ್ಲೂ ಅದೇ ಇತ್ತು.

ಹೊಸ ಕೇಬಲ್ ಬೇರೆ ಹೇಗೆ?

ಹಿಟಾಚಿ, ಪ್ಯಾನಾಸಾನಿಕ್, ಫಿಲಿಪ್ಸ್, ಸೋನಿ, ತೋಷಿಬಾ ಸೇರಿ ಏಳು ಕಂಪನಿಗಳು ಕೂಡಿ ಎಚ್‌ಡಿಎಂಐ ಮಾನದಂಡವನ್ನು ರೂಪಿಸಿದವು. ಅದರ ಮೊದಲ ಆವೃತ್ತಿ 2002ರ ಡಿಸೆಂಬರ್‌ನಲ್ಲಿ ಹೊರಬಂತು. ಚಪ್ಪಟೆ ತುದಿ, 19 ಪಿನ್, ಸ್ಕ್ರೂ ಇಲ್ಲ. ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್‌ನಲ್ಲಿ. ಕಂಪ್ಯೂಟರ್ ಮಾನಿಟರ್‌ಗಳಿಗಾಗಿ ವೆಸಾ ಸಂಸ್ಥೆ 2006ರಲ್ಲಿ ಡಿಸ್‌ಪ್ಲೇ ಪೋರ್ಟ್ ತಂದಿತು. ಅದೂ ಎಚ್‌ಡಿಎಂಐ ತರಹದ್ದೇ, ಆದರೆ ತುದಿಯ ಒಂದು ಮೂಲೆ ಮಾತ್ರ ಕತ್ತರಿಸಿದಂತೆ ಇರುತ್ತದೆ.

ಇವೆರಡೂ ಡಿಜಿಟಲ್. ಅಂದರೆ “ಇಷ್ಟು ವೋಲ್ಟ್ ಕೆಂಪು” ಎಂದು ಕಳಿಸುವ ಬದಲು “ಕೆಂಪು 212, ಹಸಿರು 40, ನೀಲಿ 55” ಎಂದು ಅಂಕಿಗಳನ್ನು ಕಳಿಸುತ್ತವೆ. ಸಾಮಾನ್ಯವಾಗಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗಿನ ಒಂದು ಅಂಕಿ. ಆ ಅಂಕಿಗಳೂ ಕೊನೆಗೆ ಸೊನ್ನೆ, ಒಂದುಗಳ ಸಾಲಾಗಿ ತಂತಿಯಲ್ಲಿ ಓಡುತ್ತವೆ.

ಕೊಳ್ಳೇಗಾಲದವರಿಗೆ ಗೊತ್ತಿರುವ ಕೆಲಸದಿಂದಲೇ ಇದನ್ನು ಹೇಳಬಹುದು. ಮದುವೆಗೆ ರೇಷ್ಮೆ ಸೀರೆ ನೇಯಿಸಬೇಕು ಎಂದುಕೊಳ್ಳಿ. ಯಳಂದೂರಿನಿಂದ ನೀವು ಫೋನ್ ಮಾಡಿ “ದಾಳಿಂಬೆ ಕಾಳಿನ ಬಣ್ಣ ಇರಲಿ, ಸ್ವಲ್ಪ ಕಡು” ಎನ್ನುತ್ತೀರಿ. ಕೇಳಿದವರು ಅದನ್ನು ಮಗ್ಗದವರಿಗೆ ಹೇಳುತ್ತಾರೆ, ಮಗ್ಗದವರು ನೂಲಿಗೆ ಬಣ್ಣ ಹಾಕುವವರಿಗೆ ಹೇಳುತ್ತಾರೆ. ಬಾಯಿಂದ ಬಾಯಿಗೆ ಹೋಗುತ್ತಾ ಬಣ್ಣ ಒಂದಿಷ್ಟು ಬದಲಾಗುತ್ತದೆ. ಹೇಳುವವರು ಎಷ್ಟು ಜಾಣರೋ ಅಷ್ಟು ಕಡಿಮೆ ಬದಲಾಗುತ್ತದೆ. ಇದು ವಿಜಿಎ.

ಅದರ ಬದಲು ಬಣ್ಣದ ಕಾರ್ಡ್ ನೋಡಿ “27ನೇ ನಂಬರ್” ಎಂದರೆ? ಫೋನಿನಲ್ಲಿ ಗೊರಗೊರ ಸದ್ದು ಇದ್ದರೂ 27 ಎಂಬುದು 27 ಆಗಿಯೇ ತಲುಪುತ್ತದೆ. ಎಷ್ಟು ಜನರ ಬಾಯಿ ದಾಟಿದರೂ ಬಣ್ಣ ಮಾಸುವುದಿಲ್ಲ. ಸದ್ದು ತೀರಾ ಹೆಚ್ಚಾದರೆ ಮಾತ್ರ ಕಷ್ಟ. ಆಗ ನಂಬರ್ ಕೇಳಿಸುವುದೇ ಇಲ್ಲ ಅಥವಾ ತಪ್ಪಾಗಿ ಕೇಳಿಸಿ ಎಲ್ಲಿಯದೋ ಬಣ್ಣ ಬರುತ್ತದೆ. ಇದು ಎಚ್‌ಡಿಎಂಐ.

ದುಬಾರಿ ಕೇಬಲ್ ಮಾತು ಹುಟ್ಟಿದ್ದು ಎಲ್ಲಿಂದ?

ವಿಜಿಎ ಕೇಬಲ್ ತೆಳುವಾಗಿದ್ದರೆ, ಒಳಗಿನ ತಂತಿಗಳಿಗೆ ಸರಿಯಾದ ಹೊದಿಕೆ ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ. ಅಕ್ಷರದ ಪಕ್ಕದಲ್ಲಿ ಅದರ ನೆರಳು ಬೀಳುತ್ತದೆ. ಒಂದು ಪಿನ್ ಬಾಗಿದ್ದರೆ ಇಡೀ ಪರದೆ ಹಳದಿಗೋ ಗುಲಾಬಿಗೋ ತಿರುಗುತ್ತದೆ. ಅಲ್ಲಿ ದಪ್ಪನೆಯ ಒಳ್ಳೆಯ ಕೇಬಲ್ ಹಾಕಿದಾಗ ಚಿತ್ರ ನಿಜಕ್ಕೂ ಸುಧಾರಿಸುತ್ತಿತ್ತು. ಕೇಬಲ್ ಟಿವಿ, ಟೇಪ್ ರೆಕಾರ್ಡರ್ ಕಾಲದಿಂದ ಜನ ಕಂಡುಕೊಂಡ ಅನುಭವ ಇದು.

ಅದೇ ಅನುಭವವನ್ನು ಎಚ್‌ಡಿಎಂಐಗೆ ಅನ್ವಯಿಸಿದರೆ ತಪ್ಪಾಗುತ್ತದೆ. ಎಚ್‌ಡಿಎಂಐ ಕೇಬಲ್ ಕೆಟ್ಟರೆ ಅಥವಾ ಸಾಮರ್ಥ್ಯ ಸಾಲದಿದ್ದರೆ ಬಣ್ಣ ಮಂಕಾಗುವುದಿಲ್ಲ. ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಚಿತ್ರ ಒಂದೆರಡು ಸೆಕೆಂಡ್ ಹೋಗಿ ಬರುತ್ತದೆ, ಇಲ್ಲವೇ “ನೋ ಸಿಗ್ನಲ್” ಎಂದು ತೋರಿಸುತ್ತದೆ. ಇವು ಯಾವುವೂ ಇಲ್ಲದೆ ಚಿತ್ರ ಸರಾಗವಾಗಿ ಬರುತ್ತಿದ್ದರೆ ನಿಮ್ಮ 200 ರೂಪಾಯಿಯ ಕೇಬಲ್ ತಲುಪಿಸುತ್ತಿರುವ ಅಂಕಿಗಳೂ 3,000 ರೂಪಾಯಿಯ ಕೇಬಲ್ ತಲುಪಿಸುವ ಅಂಕಿಗಳೂ ಒಂದೇ. ಚಿತ್ರವೂ ಒಂದೇ.

ಎಚ್‌ಡಿಎಂಐ ಹಾಕಿದ ಮೇಲೂ ಬಣ್ಣ ಪೇಲವ ಎನಿಸಿದರೆ ಟಿವಿಯ ಪಿಕ್ಚರ್ ಸೆಟ್ಟಿಂಗ್ ನೋಡಿ. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಬದಲಿಸಲು ಖರ್ಚಿಲ್ಲ.

ಸಾಮಾನ್ಯ ಟಿವಿ 4ಕೆ ಆಗುತ್ತದೆಯೇ?

ಇಲ್ಲ. ಇದಕ್ಕೆ ಲೆಕ್ಕವೇ ಸಾಕ್ಷಿ.

ಪರದೆ ಎಂದರೆ ಚುಕ್ಕೆಗಳ ಗುಂಪು. ವಿಜಿಎ ಶುರುವಾದಾಗ ಅದರ ಪ್ರಮುಖ ಅಳತೆ 640 ಅಡ್ಡ, 480 ಉದ್ದ, ಒಟ್ಟು 3,07,200 ಚುಕ್ಕೆ. ಶಾಲೆಗಳಲ್ಲಿ ಬಹಳ ಕಾಲ ಓಡಿದ ಎಕ್ಸ್‌ಜಿಎ ಪ್ರೊಜೆಕ್ಟರ್‌ನಲ್ಲಿ 1024 × 768, ಅಂದರೆ 7,86,432. ಫುಲ್ ಎಚ್‌ಡಿ ಟಿವಿಯಲ್ಲಿ 1920 × 1080, ಅಂದರೆ 20,73,600. 4ಕೆ ಟಿವಿಯಲ್ಲಿ 3840 × 2160, ಅಂದರೆ 82,94,400. ಇದು ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು.

ಈ ಚುಕ್ಕೆಗಳನ್ನು ಕಾರ್ಖಾನೆಯಲ್ಲೇ ಪರದೆಯೊಳಗೆ ಕೂರಿಸಿರುತ್ತಾರೆ. ಕೇಬಲ್ ಬದಲಿಸಿದ ಮಾತ್ರಕ್ಕೆ ಇಪ್ಪತ್ತು ಲಕ್ಷ ಚುಕ್ಕೆ ಎಂಬತ್ತು ಲಕ್ಷವಾಗಲು ಸಾಧ್ಯವಿಲ್ಲ.

ಕಳಿಸುವ ಕಡೆಯೂ ಹಾಗೆಯೇ. ಸಾಮಾನ್ಯ ಎಸ್‌ಡಿ ವಾಹಿನಿಯ ಚಿತ್ರ ಹೆಚ್ಚೆಂದರೆ 720 × 576. ನಿಮ್ಮ ಡಿಶ್ ಬಾಕ್ಸ್ ಎಸ್‌ಡಿ ಆಗಿದ್ದರೆ, ಅಥವಾ ನೋಡುತ್ತಿರುವ ವಾಹಿನಿಯೇ ಎಸ್‌ಡಿ ಆಗಿದ್ದರೆ 8ಕೆ ಕೇಬಲ್‌ನಲ್ಲಿ ಹರಿಯುವುದೂ ಅಷ್ಟೇ. ಬಾಕ್ಸ್‌ನಲ್ಲಿ ಎಚ್‌ಡಿಎಂಐ ಪೋರ್ಟ್ ಇದ್ದರೆ ಹಳದಿ ವೈರ್ ಬಿಟ್ಟು ಅದನ್ನು ಬಳಸುವುದು ಒಳ್ಳೆಯದೇ, ಅಂಚುಗಳಲ್ಲಿ ಬಣ್ಣ ಹರಿಯುವುದು ನಿಲ್ಲುತ್ತದೆ. ಆದರೆ ಎಸ್‌ಡಿ ಚಿತ್ರ ಎಚ್‌ಡಿ ಆಗುವುದಿಲ್ಲ. ಅದಕ್ಕೆ ಎಚ್‌ಡಿ ಬಾಕ್ಸ್, ಎಚ್‌ಡಿ ವಾಹಿನಿ, ಎಚ್‌ಡಿ ಟಿವಿ ಮೂರೂ ಬೇಕು.

ಕಾಲುವೆ ನೀರಿನ ಲೆಕ್ಕ ಇದಕ್ಕೂ ಸರಿ. ಕಟ್ಟೆಯಲ್ಲಿ ನೀರಿದ್ದು, ಕಾಲುವೆ ಅಗಲವಾಗಿದ್ದು, ಗದ್ದೆಯ ತೂಬು ಚಿಕ್ಕದಾಗಿದ್ದರೆ ಒಳಗೆ ಬರುವುದು ತೂಬಿನಷ್ಟೇ. ಕಳಿಸುವ ಪೆಟ್ಟಿಗೆ, ಕೇಬಲ್, ಪರದೆ ಈ ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮಗೆ ಕಾಣುವ ಚಿತ್ರ.

ಹಾಗಾದರೆ ಹೆಚ್ಚು ಸಾಮರ್ಥ್ಯದ ಕೇಬಲ್ ಯಾರಿಗೆ ಬೇಕು?

ಸೆಕೆಂಡಿಗೆ 60 ಬಾರಿ ಬದಲಾಗುವ ಫುಲ್ ಎಚ್‌ಡಿ ಚಿತ್ರದ ಅಂಕಿಗಳಷ್ಟನ್ನೇ ಲೆಕ್ಕ ಹಾಕಿದರೂ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್, ಅಂದರೆ 3 ಗಿಗಾಬಿಟ್ ಆಗುತ್ತದೆ. ಸಾಗಣೆಗೆ ಬೇಕಾದ ಹೆಚ್ಚುವರಿ ಸಂಕೇತಗಳೂ ಸೇರಿದರೆ ಸುಮಾರು 4.5 ಗಿಗಾಬಿಟ್. ಅದೇ ವೇಗದ 4ಕೆ ಚಿತ್ರಕ್ಕೆ ಇದರ ನಾಲ್ಕರಷ್ಟು, ಸುಮಾರು 18 ಗಿಗಾಬಿಟ್ ಬೇಕು. 2013ರ ಎಚ್‌ಡಿಎಂಐ 2.0 ಈ 18 ಗಿಗಾಬಿಟ್‌ಗೆ ರೂಪಿಸಿದ್ದು. 2017ರ 2.1 ಆವೃತ್ತಿ ಅದನ್ನು 48ಕ್ಕೆ ಏರಿಸಿತು.

ನಿಮ್ಮ ಮನೆಯಲ್ಲಿ 4ಕೆ ಟಿವಿ ಇದ್ದು, 4ಕೆ ಕಳಿಸುವ ಸಾಧನವೂ ಇದ್ದರೆ ‘ಪ್ರೀಮಿಯಂ ಹೈ ಸ್ಪೀಡ್’ ಎಂದು ಪ್ರಮಾಣೀಕರಿಸಿದ ಕೇಬಲ್ ಸಾಕು. ಹೊಸ ಗೇಮ್ ಬಾಕ್ಸ್‌ನಲ್ಲಿ ಸೆಕೆಂಡಿಗೆ 120 ಚಿತ್ರದ 4ಕೆ ಆಟ ಆಡುವವರಿಗೆ, 8ಕೆ ಟಿವಿ ಇರುವವರಿಗೆ ‘ಅಲ್ಟ್ರಾ ಹೈ ಸ್ಪೀಡ್’ ಬೇಕಾಗುತ್ತದೆ. ಫುಲ್ ಎಚ್‌ಡಿ ಟಿವಿಗೆ ಸಾಮಾನ್ಯ ‘ಹೈ ಸ್ಪೀಡ್’ ಕೇಬಲ್ ಧಾರಾಳ.

ಇಲ್ಲೊಂದು ಗಮನಿಸಿ. ಎಚ್‌ಡಿಎಂಐ ನಿಯಮದ ಪ್ರಕಾರ ಕೇಬಲ್‌ಗೆ ‘2.0’, ‘2.1’ ಎಂದು ಆವೃತ್ತಿ ಸಂಖ್ಯೆ ಹಾಕುವಂತಿಲ್ಲ. ಆ ಸಂಖ್ಯೆಗಳು ಟಿವಿ, ಬಾಕ್ಸ್‌ಗಳ ಪೋರ್ಟ್‌ಗೆ ಸಂಬಂಧಿಸಿದವು. ಕೇಬಲ್‌ಗೆ ಇರುವುದು ಮೇಲೆ ಹೇಳಿದ ವೇಗದ ಹೆಸರುಗಳು. ಪ್ರಮಾಣೀಕೃತ ಕೇಬಲ್‌ನ ಪೊಟ್ಟಣದ ಮೇಲೆ ಸ್ಕ್ಯಾನ್ ಮಾಡಬಹುದಾದ ಚೀಟಿ ಇರುತ್ತದೆ. “8ಕೆ 2.1” ಎಂದು ದೊಡ್ಡದಾಗಿ ಅಚ್ಚು ಹಾಕಿ, ಆ ಚೀಟಿಯೇ ಇಲ್ಲದ ಕೇಬಲ್‌ಗೆ ಹೆಚ್ಚು ಹಣ ಕೊಡುವ ಮೊದಲು ಯೋಚಿಸಿ.

ದೂರ ಹೆಚ್ಚಾದರೆ ಕಥೆ ಬೇರೆ

ಕೇಬಲ್‌ನ ಗುಣಮಟ್ಟ ನಿಜಕ್ಕೂ ಲೆಕ್ಕಕ್ಕೆ ಬರುವುದು ಉದ್ದ ಹೆಚ್ಚಾದಾಗ. ತಂತಿಯಲ್ಲಿ ಏನನ್ನೇ ಕಳಿಸಿದರೂ ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ಇದನ್ನು ಕೊಳ್ಳೇಗಾಲದ ಪಕ್ಕದಲ್ಲೇ ನೂರು ವರ್ಷದ ಹಿಂದೆ ಎದುರಿಸಿದ್ದರು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಮುಟ್ಟಿಸಬೇಕಿತ್ತು. ದಾರಿಯಲ್ಲಿ ಆಗುವ ನಷ್ಟ ತಗ್ಗಿಸಲು ವೋಲ್ಟೇಜ್ ಏರಿಸಿ ಕಳಿಸಿದರು. ಚಿತ್ರದ ಸಂಕೇತವನ್ನು ಹಾಗೆ ಬೇಕಾದಷ್ಟು ಏರಿಸುವಂತಿಲ್ಲ. ಜೊತೆಗೆ ಸಂಕೇತದ ವೇಗ ಹೆಚ್ಚಿದಷ್ಟೂ ಸೋರಿಕೆಯೂ ಹೆಚ್ಚುತ್ತದೆ.

ಹಾಗಾಗಿ ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್‌ನಲ್ಲಿ ಫುಲ್ ಎಚ್‌ಡಿ ಚಿತ್ರ ಹತ್ತು ಮೀಟರ್‌ವರೆಗೂ ಹೋಗಬಹುದು, ಆದರೆ 4ಕೆ ಚಿತ್ರ ಐದು ಮೀಟರ್ ದಾಟುವಾಗಲೇ ತಡವರಿಸತೊಡಗಬಹುದು. ಟಿವಿ ಪಕ್ಕದಲ್ಲೇ ಬಾಕ್ಸ್ ಇಡುವ ಮನೆಗೆ ಒಂದೂವರೆ ಮೀಟರ್ ಕೇಬಲ್ ಸಾಕು. ಕಲ್ಯಾಣ ಮಂಟಪದಲ್ಲೋ ಶಾಲೆಯ ಸಭಾಂಗಣದಲ್ಲೋ ವೇದಿಕೆಯಿಂದ ಪ್ರೊಜೆಕ್ಟರ್‌ವರೆಗೆ 15–20 ಮೀಟರ್ ಎಳೆಯಬೇಕಾದರೆ ಒಳ್ಳೆಯ ಕೇಬಲ್‌ಗೆ ಹಣ ಹಾಕುವುದು ದಂಡವಲ್ಲ. ಅಷ್ಟು ದೂರಕ್ಕೆ ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸಿಗುತ್ತದೆ. ಅದಕ್ಕೆ ‘ಸೋರ್ಸ್’ ತುದಿ, ‘ಡಿಸ್‌ಪ್ಲೇ’ ತುದಿ ಎಂದು ಬೇರೆ ಬೇರೆ ಇರುತ್ತದೆ. ಉಲ್ಟಾ ಹಾಕಿದರೆ ಏನೂ ಬರುವುದಿಲ್ಲ.

ಶಾಲೆಯ ಹಳೆಯ ಪ್ರೊಜೆಕ್ಟರ್ ಎಸೆಯಬೇಕೇ?

ಫಾರ್ವರ್ಡ್ ನಂಬಿದರೆ ಹೆಚ್ಚು ನಷ್ಟವಾಗುವುದು ಇಲ್ಲಿ. ಹನೂರು ಕಡೆಯ ಒಂದು ಸರ್ಕಾರಿ ಶಾಲೆ ಎಂದುಕೊಳ್ಳಿ. ಪ್ರೊಜೆಕ್ಟರ್ ಇದೆ, ಅದರ ದೀಪ ಇನ್ನೂ ಚೆನ್ನಾಗಿ ಉರಿಯುತ್ತದೆ, ನೀಲಿ ತುದಿಯ ಕೇಬಲ್ ಇದೆ. ದಾನಿಗಳು ಕೊಟ್ಟ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಆ ಪೋರ್ಟ್ ಇಲ್ಲ. ಮೇಷ್ಟ್ರು ಎಸ್‌ಡಿಎಂಸಿ ಸಭೆಯಲ್ಲಿ “ಹೊಸ ಪ್ರೊಜೆಕ್ಟರ್ ಬೇಕು” ಎನ್ನುತ್ತಾರೆ. ಹಣವಿಲ್ಲ. ಮಕ್ಕಳಿಗೆ ವಿಡಿಯೋ ಪಾಠ ನಿಂತುಹೋಗುತ್ತದೆ.

ಇಲ್ಲಿ ಬೇಕಾಗಿರುವುದು ಕೆಲವು ನೂರು ರೂಪಾಯಿಯ ‘ಎಚ್‌ಡಿಎಂಐ ಟು ವಿಜಿಎ’ ಕನ್ವರ್ಟರ್. ಕೊಳ್ಳುವಾಗ ನಾಲ್ಕು ವಿಷಯ ನೆನಪಿರಲಿ.

ಒಂದು, ಅದು ಬರೀ ಕೇಬಲ್ ಆಗಿರಬಾರದು. ಅಂಕಿಗಳನ್ನು ವೋಲ್ಟೇಜ್ ಆಗಿ ಬದಲಿಸಲು ಒಳಗೆ ಚಿಪ್ ಇರಬೇಕು. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ವಿಜಿಎ ಇರುವ, ಚಿಪ್ ಇಲ್ಲದ ವೈರ್‌ಗಳೂ ಮಾರಾಟಕ್ಕಿವೆ. ಅವು ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್‌ಗೆ ಚಿತ್ರ ತರುವುದಿಲ್ಲ.

ಎರಡು, ದಿಕ್ಕು ಮುಖ್ಯ. ಹೊಸ ಲ್ಯಾಪ್‌ಟಾಪ್‌ನಿಂದ ಹಳೆಯ ಪ್ರೊಜೆಕ್ಟರ್‌ಗೆ ‘ಎಚ್‌ಡಿಎಂಐ ಟು ವಿಜಿಎ’. ಹಳೆಯ ಕಂಪ್ಯೂಟರ್‌ನಿಂದ ಹೊಸ ಟಿವಿಗೆ ‘ವಿಜಿಎ ಟು ಎಚ್‌ಡಿಎಂಐ’. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ.

ಮೂರು, ವಿಜಿಎನಲ್ಲಿ ಧ್ವನಿ ಹೋಗುವುದಿಲ್ಲವಾದ್ದರಿಂದ ಸ್ಪೀಕರ್‌ಗೆ ಬೇರೆ ವೈರ್ ಬೇಕು. ಕನ್ವರ್ಟರ್‌ನಲ್ಲೇ ಇಯರ್‌ಫೋನ್ ತರಹದ ಕಿಂಡಿ ಇದ್ದರೆ ಅನುಕೂಲ.

ನಾಲ್ಕು, ಎಚ್‌ಡಿಎಂಐ ಪೋರ್ಟ್ ಕೊಡುವ ವಿದ್ಯುತ್ ತೀರಾ ಕಡಿಮೆ. ಚಿತ್ರ ಬಂದು ಹೋಗಿ ಮಾಡುತ್ತಿದ್ದರೆ ಯುಎಸ್‌ಬಿಯಿಂದ ಪವರ್ ಕೊಡುವಂಥ ಕನ್ವರ್ಟರ್ ತೆಗೆದುಕೊಳ್ಳಿ.

ಇಷ್ಟಾದರೂ ಕೆಲವು ಒಟಿಟಿ ಸಿನಿಮಾಗಳು ಮಾತ್ರ ಕಪ್ಪಾಗಿ ಕಾಣಬಹುದು. ಅದು ಕೇಬಲ್ ದೋಷವಲ್ಲ. ನಕಲು ತಡೆಯುವ ಎಚ್‌ಡಿಸಿಪಿ ಎಂಬ ಬೀಗ ಎಚ್‌ಡಿಎಂಐನಲ್ಲಿದೆ, ಹಳೆಯ ವಿಜಿಎಗೆ ಅದು ಗೊತ್ತಿಲ್ಲ. ಸಾಮಾನ್ಯ ಪಾಠದ ವಿಡಿಯೋಗಳಿಗೆ ಈ ತೊಂದರೆ ಬರುವುದಿಲ್ಲ.

“ವಿಜಿಎ ಬ್ಯಾನ್ ಆಗಿದೆ” ಎಂಬ ಮಾತೂ ಸುಳ್ಳು. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು ವಿಜಿಎಯನ್ನು ಹಂತಹಂತವಾಗಿ ಕೈಬಿಡುವುದಾಗಿ ಹೇಳಿದ್ದವು. ಇಂಟೆಲ್ ಮತ್ತು ಎಎಂಡಿ ತಮ್ಮ ಚಿಪ್‌ಗಳಿಗೆ 2015ರ ಗಡುವು ಹಾಕಿಕೊಂಡಿದ್ದವು. ಹೊಸ ಸಾಧನಗಳಲ್ಲಿ ಅದು ಕಡಿಮೆಯಾಗಿರುವುದು ಈ ಕಾರಣಕ್ಕೆ. ನಿಮ್ಮಲ್ಲಿರುವ ಹಳೆಯ ಸಾಧನ ಬಳಸಬಾರದು ಎಂದು ಯಾರೂ ಹೇಳಿಲ್ಲ. ಒಳ್ಳೆಯ ವಿಜಿಎ ಕೇಬಲ್‌ನಲ್ಲಿ ಫುಲ್ ಎಚ್‌ಡಿ ಚಿತ್ರವೂ ಬರುತ್ತದೆ.

ಯಾವ ಫೋನ್ ಬೇಕಾದರೂ ಟಿವಿಗೆ ಬರುತ್ತದೆಯೇ?

ಬರುವುದಿಲ್ಲ. ಸಾಮಾನ್ಯವಾಗಿ ಜನ ಮೋಸಹೋಗುವ ಜಾಗ ಇದು.

ಈಗಿನ ಫೋನ್‌ಗಳ ಚಾರ್ಜಿಂಗ್ ಪೋರ್ಟ್ ಬಹುಪಾಲು ಯುಎಸ್‌ಬಿ-ಸಿ. ಆದರೆ ‘ಸಿ’ ಎಂಬುದು ಪೋರ್ಟ್‌ನ ಆಕಾರದ ಹೆಸರು. ಅದರೊಳಗೆ ಏನೇನು ಹರಿಯಬಹುದು ಎಂಬುದು ಫೋನ್ ತಯಾರಿಸಿದವರಿಗೆ ಬಿಟ್ಟದ್ದು. ಚಿತ್ರ ಹೊರಬರಬೇಕಾದರೆ ‘ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್’ ಎಂಬ ವ್ಯವಸ್ಥೆ ಫೋನಿನಲ್ಲಿ ಇರಬೇಕು. ದುಬಾರಿ ಫೋನ್‌ಗಳಲ್ಲಿ ಹಲವಕ್ಕೆ ಇದೆ, 2023ರ ಐಫೋನ್ 15ಕ್ಕೂ ಇದೆ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳಲ್ಲಿ ಇಲ್ಲ. ಅವುಗಳ ಪೋರ್ಟ್ ಚಾರ್ಜಿಂಗ್ ಮತ್ತು ಫೈಲ್ ಸಾಗಣೆಗೆ ಮಾತ್ರ. ಅಂಥ ಫೋನಿಗೆ ‘ಟೈಪ್ ಸಿ ಟು ಎಚ್‌ಡಿಎಂಐ’ ಕೇಬಲ್ ಹಾಕಿದರೆ ಕೇಬಲ್ ಎಷ್ಟೇ ಒಳ್ಳೆಯದಾದರೂ ಟಿವಿ “ನೋ ಸಿಗ್ನಲ್” ಎನ್ನುತ್ತದೆ.

ಕೊಳ್ಳುವ ಮೊದಲು ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಫೋನಿನ ವಿವರ ತೆರೆದು ‘ಡಿಸ್‌ಪ್ಲೇ ಪೋರ್ಟ್’ ಅಥವಾ ‘ವಿಡಿಯೋ ಔಟ್’ ಎಂದು ಇದೆಯೇ ನೋಡಿ. ಬರೀ ‘ಯುಎಸ್‌ಬಿ 2.0’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಆ ಸೌಲಭ್ಯ ಇಲ್ಲ ಎಂದೇ ಅರ್ಥ.

ಬೇಸರ ಬೇಡ, ಕೇಬಲ್ ಇಲ್ಲದೆಯೂ ದಾರಿ ಇದೆ. ಸ್ಮಾರ್ಟ್ ಟಿವಿಯಲ್ಲಿ ‘ಸ್ಕ್ರೀನ್ ಮಿರರಿಂಗ್’, ಫೋನಿನಲ್ಲಿ ‘ಕಾಸ್ಟ್’ ಅಥವಾ ‘ಸ್ಮಾರ್ಟ್ ವ್ಯೂ’ ಎಂಬ ಆಯ್ಕೆ ಹುಡುಕಿ. ಮಿರಾಕಾಸ್ಟ್ ಎಂಬ ವಿಧಾನದಲ್ಲಿ ಫೋನ್ ಮತ್ತು ಟಿವಿ ನೇರವಾಗಿ ಮಾತಾಡಿಕೊಳ್ಳುತ್ತವೆ, ಇಂಟರ್‌ನೆಟ್ ಬೇಕಿಲ್ಲ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲೋ ಬಿಳಿಗಿರಿರಂಗನ ಬೆಟ್ಟದ ಸುತ್ತಲೋ ನೆಟ್‌ವರ್ಕ್ ಸಿಗದ ಊರಿನಲ್ಲೂ ಫೋನಿನಲ್ಲಿ ಮೊದಲೇ ಉಳಿಸಿಟ್ಟ ಫೋಟೊ, ವಿಡಿಯೋ ಹೀಗೆ ತೋರಿಸಬಹುದು. ಅದೂ ಇಲ್ಲದಿದ್ದರೆ ವಿಡಿಯೋವನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಸಿಕ್ಕಿಸಿ. ಹೆಚ್ಚಿನ ಟಿವಿಗಳು ಅದನ್ನು ಓದುತ್ತವೆ.

ಚಿನ್ನದ ಲೇಪನ, ಕೇಬಲ್ ಮೇಲಿನ ಉಂಡೆ

ಚಿನ್ನ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಲೇಪನವಿರುವ ಪಿನ್ ಹೆಚ್ಚು ಕಾಲ ಬಾಳುತ್ತದೆ. ಚಿತ್ರದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ತೆಳುವಾದ ಲೇಪನ ಅಗ್ಗದ ಕೇಬಲ್‌ಗಳಲ್ಲೂ ಇರುತ್ತದೆ.

ವಿಜಿಎ ಕೇಬಲ್‌ನ ತುದಿಯ ಬಳಿ ಕಾಣುವ ದಪ್ಪ ಉಂಡೆಯಿಂದ ವಿಕಿರಣ ಹೊರಬಂದು ಕಣ್ಣಿಗೆ ಹಾನಿ ಎಂದು ಹೆದರಬೇಕಿಲ್ಲ. ಅದರೊಳಗೆ ಇರುವುದು ಫೆರೈಟ್ ಎಂಬ ಕಾಂತೀಯ ವಸ್ತುವಿನ ಬಳೆ. ಕೇಬಲ್ ಸುತ್ತಮುತ್ತಲಿನ ರೇಡಿಯೊ ತರಂಗಗಳಿಗೆ ಅಡ್ಡಿ ಮಾಡದಂತೆ, ಹೊರಗಿನ ಗದ್ದಲ ಒಳಗೆ ಬರದಂತೆ ತಡೆಯುವುದು ಅದರ ಕೆಲಸ. ಅದನ್ನು ಕತ್ತರಿಸಲು ಹೋಗಬೇಡಿ.

ಯಾರೂ ಫಾರ್ವರ್ಡ್ ಮಾಡದ, ಆದರೆ ಮಾಡಬೇಕಾದ ಮಾತು

ಎಚ್‌ಡಿಎಂಐ ವಿಷಯದಲ್ಲಿ ನಿಜವಾದ ಅಪಾಯ ಬೇರೆಯದೇ ಇದೆ. ಅದು ಸಿಡಿಲು ಮತ್ತು ಸರಿಯಿಲ್ಲದ ಅರ್ಥಿಂಗ್.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಸೆಖೆ ಏರಿ ಸಂಜೆ ಗುಡುಗು ಮಳೆ ಬರುವುದು ನಮ್ಮ ಕಡೆ ಹೊಸದಲ್ಲ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಹೆಚ್ಚಿನ ವಿದ್ಯುತ್ ಕರೆಂಟ್ ಲೈನಿನಿಂದ ಮಾತ್ರ ಬರುವುದಿಲ್ಲ. ತಾರಸಿಯ ಮೇಲಿನ ಡಿಶ್‌ನ ವೈರ್ ಮೂಲಕ ಬಾಕ್ಸ್‌ಗೆ, ಬಾಕ್ಸ್‌ನಿಂದ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಹರಿಯುತ್ತದೆ. ಟಿವಿ ಪ್ಲಗ್ ಒಂದನ್ನೇ ಕಿತ್ತಿಟ್ಟರೂ ಎಚ್‌ಡಿಎಂಐ ಪೋರ್ಟ್ ಸುಟ್ಟುಹೋಗಬಹುದು. ಅದು ಟಿವಿಯ ಮುಖ್ಯ ಬೋರ್ಡ್‌ಗೆ ಬೆಸೆದಿರುವುದರಿಂದ ರಿಪೇರಿ ಖರ್ಚು ಕೇಬಲ್ ಬೆಲೆಯ ಎಷ್ಟೋ ಪಟ್ಟು. ಗುಡುಗು ಶುರುವಾಗುವ ಮುನ್ನವೇ ಟಿವಿ ಪ್ಲಗ್, ಬಾಕ್ಸ್ ಪ್ಲಗ್, ಡಿಶ್ ವೈರ್ ಮೂರನ್ನೂ ತೆಗೆಯಿರಿ. ಗುಡುಗು ಶುರುವಾದ ಮೇಲೆ ಆ ವೈರ್‌ಗಳನ್ನು ಮುಟ್ಟಲು ಹೋಗಬೇಡಿ. ಟಿವಿಗಿಂತ ಜೀವ ದೊಡ್ಡದು.

ಬಾಕ್ಸ್‌ನ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ ಎನ್ನುತ್ತದೆಯೇ? ಅರ್ಥಿಂಗ್ ಇಲ್ಲದ ಎರಡು ಪಿನ್ ಪ್ಲಗ್‌ಗಳಲ್ಲಿ ಇದು ಆಗುತ್ತದೆ. ಅಂಥ ಸ್ಥಿತಿಯಲ್ಲಿ ಎರಡೂ ಸಾಧನ ಚಾಲೂ ಇರುವಾಗ ಎಚ್‌ಡಿಎಂಐ ಸಿಕ್ಕಿಸಿದರೆ ಪೋರ್ಟ್‌ನೊಳಗಿನ ಸೂಕ್ಷ್ಮ ಚಿಪ್ ಕೆಡಬಹುದು. ಟಿವಿ, ಬಾಕ್ಸ್ ಎರಡರ ಪ್ಲಗ್ ಕಿತ್ತು, ಆಮೇಲೆ ಕೇಬಲ್ ಹಾಕಿ. ಮನೆಯ ಅರ್ಥಿಂಗ್ ಅನ್ನು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಚಿನ್ನದ ಲೇಪನಕ್ಕೆ ಕೊಡುವ ಹಣವನ್ನು ಅರ್ಥಿಂಗ್‌ಗೆ ಕೊಟ್ಟರೆ ಉಪಯೋಗ ಹೆಚ್ಚು.

ಅಂಗಡಿಗೆ ಹೋಗುವ ಮೊದಲು

ಎರಡೂ ಸಾಧನಗಳ ಹಿಂಭಾಗದ ಪೋರ್ಟ್‌ಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಎಲ್ಲಿಂದ ಎಲ್ಲಿಗೆ ಚಿತ್ರ ಹೋಗಬೇಕು ಎಂದು ಬರೆದುಕೊಳ್ಳಿ. ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. ಟಿವಿ ಎಚ್‌ಡಿಯೋ, ಫುಲ್ ಎಚ್‌ಡಿಯೋ, 4ಕೆಯೋ ನೋಡಿಕೊಳ್ಳಿ. ಈ ನಾಲ್ಕು ಸಂಗತಿ ಹೇಳಿದರೆ ಅಂಗಡಿಯವರಿಗೂ ಸರಿಯಾದದ್ದನ್ನು ಕೊಡುವುದು ಸುಲಭ. ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಹಣ ಕೊಡುವ ಮೊದಲೇ ಕೇಳಿ, ಬಿಲ್ ಪಡೆಯಿರಿ.

ಒಟ್ಟಿನಲ್ಲಿ ಆ ಸಂದೇಶದ ಮೂರೂ ಮಾತು ತಪ್ಪು. ಹಳೆಯ ಕೇಬಲ್ ಕೆಲಸ ಮಾಡುತ್ತಿದ್ದರೆ ಎಸೆಯಬೇಕಿಲ್ಲ. ದುಬಾರಿ ಕೇಬಲ್‌ನಿಂದ ಸಾಮಾನ್ಯ ಟಿವಿ 4ಕೆ ಆಗುವುದಿಲ್ಲ. ಎಲ್ಲ ಫೋನ್‌ಗಳಿಂದಲೂ ಕೇಬಲ್ ಮೂಲಕ ಚಿತ್ರ ಹೊರಬರುವುದಿಲ್ಲ. ಅದು ಮತ್ತೆ ನಿಮ್ಮ ಗುಂಪಿಗೆ ಬಂದರೆ ಕಳಿಸಿದವರಿಗೆ ಒಂದು ಪ್ರಶ್ನೆ ಕೇಳಿ: “ಅಣ್ಣಾ, ನಿಮ್ಮ ಟಿವಿ ಎಷ್ಟು ಚುಕ್ಕೆಯದ್ದು?” ಉತ್ತರ ಹುಡುಕುವಾಗ ಅವರಿಗೇ ವಿಷಯ ತಿಳಿದೀತು.